‘ಸಂಕಟ’ ಎಂದರೆ ಯಾವ ಸಂಕಟ?

ವಾರ್ಡುಗಳಲ್ಲೂ ಮನೆಗಳಲ್ಲೂ ರೋಗಿಗಳನ್ನು ನೋಡಿಕೊಳ್ಳುವ ಸಹಾಯಕ ಸಹಾಯಕಿಯರಿಂದ ಬಂದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವು ಪದಗಳ ಬಗ್ಗೆ.

ಪ್ರಶ್ನೆ: ನಮ್ಮ ನರ್ಸಿಂಗ್ ಹೋಮಿನ ಸಿಸ್ಟರ್‌ಗಳು ಮಲಯಾಳಿಗಳು. ರೋಗಿ ‘ಸಂಕಟ ಆಗ್ತಿದೆ’ ಎಂದರೆ ಅವರಿಗೆ ಇಂಗ್ಲಿಷಿನಲ್ಲಿ ಏನು ಹೇಳಬೇಕು? (ಮೈಸೂರು)

ಹೇಳುವುದಕ್ಕೆ ಮೊದಲು ಕೇಳಬೇಕು. ಕನ್ನಡದಲ್ಲಿ ಸಂಕಟ ಎನ್ನುವುದು ಒಂದೇ ತೊಂದರೆಯ ಹೆಸರಲ್ಲ. ವಾಂತಿ ಬರುವ ಹಾಗಾದರೂ ಸಂಕಟ, ಹುಳಿತೇಗು ಬಂದು ಎದೆ ಉರಿದರೂ ಸಂಕಟ, ಎದೆಯ ಮೇಲೆ ಕಲ್ಲು ಹೇರಿದಂತಾದರೂ ಸಂಕಟ. ಮೊದಲನೆಯದು ನಾಸಿಯಾ, ಎರಡನೆಯದು ಹಾರ್ಟ್‌ಬರ್ನ್, ಮೂರನೆಯದು ಚೆಸ್ಟ್ ಪೇನ್. ನೀವು ನಾಸಿಯಾ ಎಂದು ಹೇಳಿದ್ದು ನಿಜವಾಗಿ ಮೂರನೆಯದಾಗಿದ್ದರೆ, ಹತ್ತು ನಿಮಿಷದೊಳಗೆ ಆಗಬೇಕಾದ ಇಸಿಜಿ ಒಂದು ಗಂಟೆ ತಡವಾಗುತ್ತದೆ.

ಆದ್ದರಿಂದ ‘ಎಲ್ಲಿ, ಕೈಯಿಟ್ಟು ತೋರಿಸಿ’ ಎನ್ನಿ. ಅಂಗೈ ಅಗಲಿಸಿ ಎದೆ ನಡುವೆ ಇಟ್ಟರೆ, ಜೊತೆಗೆ ತಣ್ಣನೆಯ ಬೆವರು, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ಉಸಿರು ಕಟ್ಟುವುದು ಇವುಗಳಲ್ಲಿ ಒಂದಿದ್ದರೂ ಸಾಕು, ‘ಚೆಸ್ಟ್ ಪೇನ್’ ಎಂದೇ ಕೂಗಿ ಹೇಳಿ. ಸಕ್ಕರೆ ಕಾಯಿಲೆಯವರಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ. ಬರೀ ಬೆವರು, ಸುಸ್ತು, ಏದುಸಿರು ಇರಬಹುದು. ‘ಗ್ಯಾಸ್ ಇರಬೇಕು’ ಎಂಬ ಮಾತು ಮಾತ್ರ ನಿಮ್ಮ ಬಾಯಿಂದ ಬರಬಾರದು. ಅದು ರೋಗನಿರ್ಣಯ, ಅದನ್ನು ಮಾಡುವುದು ವೈದ್ಯರ ಕೆಲಸ.

ಇಂಥ ಪದಗಳು ಇನ್ನೂ ಇವೆ. ‘ಆಯಾಸ’ ನಮಗೆ ದಣಿವು, ತೆಲುಗು ಮನೆಮಾತಿನವರ ಬಾಯಲ್ಲಿ ಅದೇ ಪದ ಏದುಸಿರು. ಬಳ್ಳಾರಿ, ರಾಯಚೂರು, ಕೋಲಾರದ ಕಡೆಯ ರೋಗಿ ‘ಆಯಾಸ’ ಎಂದರೆ ಮಾತು ನಂಬಿ ಸುಮ್ಮನಾಗದೆ ಎದೆ ಏರಿಳಿಯುವುದನ್ನು ನೋಡಿ. ‘ತಲೆಸುತ್ತು’ ಎಂದವರನ್ನು ಮನೆಯೇ ಗಿರಗಿರ ತಿರುಗುತ್ತದೆಯೋ ಅಥವಾ ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆಯೋ ಎಂದು ಕೇಳಿ. ತಿರುಗಿದರೆ ವರ್ಟಿಗೊ, ಕಣ್ಣು ಕತ್ತಲೆಯಾದರೆ ಬಿಪಿ ಇಳಿದಿರಬಹುದು, ಮಲಗಿಸಿಯೂ ನಿಲ್ಲಿಸಿಯೂ ಅಳೆಯಬೇಕಾಗುತ್ತದೆ. ‘ಕೈ ಜೋಮು’ ಎಂದರೆ ಚುಮುಚುಮು ಎನ್ನುವುದೋ, ಮುಟ್ಟಿದ್ದು ತಿಳಿಯದಿರುವುದೋ, ಎತ್ತಲು ಆಗದಿರುವುದೋ? ಈ ಕೊನೆಯದು, ಅದೂ ಒಂದೇ ಪಕ್ಕದಲ್ಲಿ ದಿಢೀರನೆ ಆಗಿದ್ದರೆ, ಪಾರ್ಶ್ವವಾಯು ಎಂದೇ ಭಾವಿಸಿ ಕೂಡಲೇ ಸಿಸ್ಟರನ್ನು ಕರೆಯಿರಿ. ರೋಗಿ ಕೊನೆಯದಾಗಿ ಎಷ್ಟು ಗಂಟೆಗೆ ಸರಿಯಾಗಿದ್ದರು ಎಂಬುದನ್ನೂ ಹೇಳಿ, ಚಿಕಿತ್ಸೆ ಆ ಗಂಟೆಯ ಮೇಲೆ ನಿಂತಿದೆ.

ಬರೆಯುವಾಗ ರೋಗಿಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಇದ್ದ ಹಾಗೇ ಹಾಕಿ, ನೀವು ಕಂಡದ್ದನ್ನು ಅದರ ಮುಂದೆ ಬರೆಯಿರಿ. ಇಂಗ್ಲಿಷ್ ಪದ ತಪ್ಪಾಗಿ ಬರೆಯುವುದಕ್ಕಿಂತ ಸರಿಯಾದ ಕನ್ನಡ ವಾಕ್ಯ ಸಾವಿರ ಪಾಲು ಮೇಲು.

ಪ್ರಶ್ನೆ: ಔಷಧ ಚೀಟಿಯ ಓಡಿ (OD), ಬಿಡಿ (BD), ಟಿಡಿಎಸ್ (TDS) ಬಾಯಿಪಾಠ ಮಾಡಿದ್ದೇನೆ. ಆದರೂ ಡಿಸ್ಚಾರ್ಜ್ ಚೀಟಿ ಓದುವಾಗ ಭಯವಾಗುತ್ತದೆ. (ಬೆಂಗಳೂರು, ಮನೆ ಆರೈಕೆ ಸಹಾಯಕಿ)

ನಿಮ್ಮ ಭಯ ತಪ್ಪಲ್ಲ. ಬಾಯಿಪಾಠ ಮಾಡಿದವರೂ ಈ ಅಕ್ಷರಗಳಲ್ಲಿ ಎಡವುತ್ತಾರೆ. ಓಡಿ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು, ಕ್ಯೂಐಡಿ ನಾಲ್ಕು. ಎಚ್‌ಎಸ್ ಮಲಗುವ ಹೊತ್ತಿಗೆ, ಎಸಿ ಊಟಕ್ಕೆ ಮುಂಚೆ, ಪಿಸಿ ಊಟದ ನಂತರ, ಸ್ಟ್ಯಾಟ್ ಎಂದರೆ ಈಗಿಂದೀಗಲೇ. 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು.

ಇನ್ನು ಎಡವುವ ಜಾಗಗಳು. ಕಣ್ಣಿನ ಆಸ್ಪತ್ರೆಯ ಚೀಟಿಯಲ್ಲಿ ಓಡಿ ಎಂದರೆ ದಿನಕ್ಕೊಮ್ಮೆ ಅಲ್ಲ, ಬಲಗಣ್ಣು. ಓಎಸ್ ಎಡಗಣ್ಣು, ಓಯು ಎರಡೂ ಕಣ್ಣು. ದಿನಕ್ಕೆ ನಾಲ್ಕು ಸಲ ಹಾಕಬೇಕಾದ ಹನಿಯನ್ನು ಒಮ್ಮೆ ಮಾತ್ರ ಹಾಕಿ ಬಿಡುವುದು ಹೀಗೆಯೇ. ಟಿಡಿಎಸ್‌ಗೂ ‘8 ಗಂಟೆಗೊಮ್ಮೆ’ ಎನ್ನುವುದಕ್ಕೂ ವ್ಯತ್ಯಾಸವಿದೆ: ಟಿಡಿಎಸ್ ಮಾತ್ರೆಯನ್ನು ಮೂರು ಊಟದ ಹೊತ್ತಿಗೆ ಹೊಂದಿಸಬಹುದು, 8 ಗಂಟೆಗೊಮ್ಮೆ ಎಂದರೆ 6, 2, 10. ಆಂಟಿಬಯೋಟಿಕ್ ಹೀಗೆ ಬರೆದಿದ್ದರೆ ಗಡಿಯಾರವನ್ನೇ ಅನುಸರಿಸಿ.

ಎಸ್‌ಒಎಸ್ ಎಂದರೆ ಬೇಕಾದರೆ ಮಾತ್ರ. ಆದರೆ ಯಾವುದಕ್ಕೆ ಬೇಕಾದರೆ, ಎಷ್ಟು ಅಂತರ, ದಿನಕ್ಕೆ ಹೆಚ್ಚೆಂದರೆ ಎಷ್ಟು? ಈ ಮೂರಕ್ಕೆ ಉತ್ತರವಿಲ್ಲದ ಎಸ್‌ಒಎಸ್ ಅರ್ಧ ಬರೆದ ಚೀಟಿ. ಬರೆದವರಿಗೆ ಫೋನ್ ಮಾಡಿ ಕೇಳಿ. ಪ್ಯಾರಾಸಿಟಮಾಲನ್ನೇ ನೋಡಿ. ಎರಡು ಡೋಸುಗಳ ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು, ವಯಸ್ಕರಿಗೆ ದಿನದ ಒಟ್ಟು 4 ಗ್ರಾಂ ಮೀರಬಾರದು. ತೂಕ ಕಡಿಮೆ ಇರುವವರಿಗೆ, ಲಿವರ್ ತೊಂದರೆ ಇರುವವರಿಗೆ ಮಿತಿ ಇನ್ನೂ ಕೆಳಗೆ, ಅದನ್ನು ವೈದ್ಯರೇ ಹೇಳಬೇಕು. ಶೀತದ ಮಾತ್ರೆಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಎಲ್ಲಕ್ಕಿಂತ ಅಪಾಯ ಇನ್ಸುಲಿನ್. ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಬರೆದರೆ ಅವಸರದ ಕೈಬರಹದಲ್ಲಿ ಸೊನ್ನೆಯಂತೆ ಕಾಣುತ್ತದೆ, 4 ಯುನಿಟ್ 40 ಆಗಿಬಿಡುತ್ತದೆ. ನೀವು ಬರೆಯುವಾಗ ‘ಯುನಿಟ್’ ಎಂದು ಪೂರ್ತಿ ಬರೆಯಿರಿ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಎರಡು ಬಲದಲ್ಲಿ ಸಿಗುತ್ತದೆ: ಒಂದು ಮಿಲಿಲೀಟರಿಗೆ 40 ಯುನಿಟ್, ಇಲ್ಲವೇ 100. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ಔಷಧ ಮೈಗೆ ಹೋಗುತ್ತದೆ. ಬಾಟಲಿಯ ಮೇಲಿನ ಅಂಕಿ, ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಗಟ್ಟಿಯಾಗಿ ಓದಿ ತಾಳೆ ನೋಡಿ, ಮನೆಯವರೊಬ್ಬರು ಕೇಳಿಸಿಕೊಳ್ಳಲಿ.

ಮಾತ್ರೆಯ ಹೆಸರಿನ ಹಿಂದೆ ಎಸ್‌ಆರ್, ಇಆರ್, ಎಕ್ಸ್‌ಆರ್ ಎಂದಿದ್ದರೆ ಅದು ನಿಧಾನವಾಗಿ ಕರಗುವ ಮಾತ್ರೆ. ಕುಟ್ಟಿ ಪುಡಿ ಮಾಡಿದರೆ ಇಡೀ ದಿನದ ಔಷಧ ಒಮ್ಮೆಗೇ ರಕ್ತಕ್ಕೆ ಇಳಿಯುತ್ತದೆ.

ಪ್ರಶ್ನೆ: ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ಕೊಳವೆ) ಇರುವ ರೋಗಿಗೆ ‘ಆಸ್ಪಿರೇಟ್ ಮಾಡಿ ಫೀಡ್ ಕೊಡಿ’ ಎಂದರು. ‘ಆಸ್ಪಿರೇಷನ್ ಆಗದಂತೆ ನೋಡಿಕೊಳ್ಳಿ’ ಎಂದೂ ಹೇಳಿದರು. ಎರಡೂ ಒಂದೇ ಅಲ್ಲವೇ? (ದಾವಣಗೆರೆ)

ಪದ ಒಂದೇ, ಅರ್ಥ ಎರಡು. ‘ಆಸ್ಪಿರೇಟ್ ಮಾಡಿ’ ಎಂದರೆ ಸಿರಿಂಜಿನಿಂದ ಹಿಂದಕ್ಕೆ ಎಳೆದು ಹೊಟ್ಟೆಯಲ್ಲಿ ಏನಿದೆ ನೋಡಿ ಎಂದು. ‘ಆಸ್ಪಿರೇಷನ್ ಆಯಿತು’ ಎಂದರೆ ಆಹಾರವೋ ಎಂಜಲೋ ಶ್ವಾಸಕೋಶಕ್ಕೆ ಹೋಯಿತು ಎಂದು. ಮೊದಲನೆಯದು ನೀವು ಮಾಡುವ ಕೆಲಸ, ಎರಡನೆಯದು ತಪ್ಪಿಸಬೇಕಾದ ಅನಾಹುತ.

ಟ್ಯೂಬ್ ಹಾಕುವುದು, ಅದು ಹೊಟ್ಟೆಯಲ್ಲೇ ಇದೆ ಎಂದು ಮೊದಲು ಖಚಿತಪಡಿಸುವುದು ನಿಮ್ಮ ಕೆಲಸವಲ್ಲ. ಗಾಳಿ ಬಿಟ್ಟು ಸ್ಟೆತಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ನಂಬಬೇಡಿ, ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಸದ್ದು ಕೇಳಿಸಬಹುದು. ಪ್ರತಿ ಫೀಡಿಗೂ ಮುಂಚೆ ನೀವು ನೋಡಬೇಕಾದದ್ದು ಮೂಗಿನ ಹೊಳ್ಳೆಯ ಬಳಿಯ ಗುರುತು. ಹಾಕಿದ ದಿನ 55 ಸೆಂಟಿಮೀಟರ್ ಎಂದು ಬರೆದಿದ್ದರೆ ಇಂದೂ 55 ಇರಬೇಕು. ಜಾರಿದ್ದರೆ ಒಳಗೆ ತಳ್ಳಬೇಡಿ, ಫೀಡನ್ನೂ ಕೊಡಬೇಡಿ, ಸಿಸ್ಟರನ್ನು ಕರೆಯಿರಿ.

ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿ. ಚಾರ್ಟಿನಲ್ಲಿ ಸೆಮಿ ಫೌಲರ್ ಎಂದು ಬರೆಯುವುದು ಇದನ್ನೇ. ಸಿರಿಂಜಿನಿಂದ ನಿಧಾನವಾಗಿ ಹಿಂದಕ್ಕೆ ಎಳೆಯಿರಿ. ಹಿಂದಿನ ಫೀಡ್ ಬಹಳಷ್ಟು ಹಾಗೇ ಉಳಿದಿದ್ದರೆ, ರಕ್ತದ ಅಥವಾ ಕಾಫಿ ಚರಟದ ಬಣ್ಣ ಕಂಡರೆ ನಿಲ್ಲಿಸಿ ತಿಳಿಸಿ. ಎಲ್ಲ ಸರಿ ಇದ್ದರೆ 30 ಮಿಲಿಲೀಟರ್ ನೀರು ಬಿಟ್ಟು ಫೀಡ್ ಶುರುಮಾಡಿ. ಸಿರಿಂಜಿನ ಪಿಸ್ಟನ್ ತೆಗೆದು ಕೊಳವೆಯನ್ನು ಹೊಟ್ಟೆಗಿಂತ ಸುಮಾರು ಒಂದು ಅಡಿ ಮೇಲೆ ಹಿಡಿದರೆ ಫೀಡ್ ತನ್ನಷ್ಟಕ್ಕೆ ಇಳಿಯುತ್ತದೆ. 200 ಮಿಲಿಲೀಟರ್ ಇಳಿಯಲು 15ರಿಂದ 20 ನಿಮಿಷ ಹಿಡಿಯಬೇಕು. ಬೇಗ ಮುಗಿಸಬೇಕೆಂದು ಪಿಸ್ಟನ್ ಒತ್ತುವುದೇ ವಾಂತಿಗೆ, ಅಲ್ಲಿಂದ ಆಸ್ಪಿರೇಷನ್ನಿಗೆ ದಾರಿ. ಕೊನೆಗೆ ಮತ್ತೆ 30 ಮಿಲಿಲೀಟರ್ ನೀರು. ಇನ್ನೊಂದು ಗಂಟೆ ತಲೆ ತಗ್ಗಿಸಬೇಡಿ. ಡೈಪರ್ ಬದಲಿಸುವುದಿದ್ದರೆ ಫೀಡಿಗೆ ಮುಂಚೆಯೇ ಮುಗಿಸಿ.

ರಾಗಿ ಗಂಜಿ ಕೊಡುವವರಿಗೆ ಒಂದು ಮಾತು: ಬಿಸಿಯಲ್ಲಿ ತೆಳುವಾಗಿದ್ದದ್ದು ಆರಿದಂತೆ ಗಟ್ಟಿಯಾಗಿ ಟ್ಯೂಬ್ ಕಟ್ಟುತ್ತದೆ. ಆರಿದ ಮೇಲೆ ತೆಳು ಬಟ್ಟೆಯಲ್ಲಿ ಶೋಧಿಸಿ, ಆಗ ಎಷ್ಟು ತೆಳುವಿದೆ ಎಂದು ನೋಡಿ.

ನಡುವೆ ಕೆಮ್ಮು, ಗೊರಗೊರ ದನಿ, ತುಟಿ ನೀಲಿಯಾಗುವುದು, ಆಕ್ಸಿಮೀಟರಿನ ಅಂಕಿ ಇಳಿಯುವುದು ಕಂಡರೆ ತಕ್ಷಣ ಟ್ಯೂಬ್ ಮಡಚಿ ಹಿಡಿದು, ಕೂರಿಸಿ, ಕೂಗಿ ಕರೆಯಿರಿ. ಪಾರ್ಶ್ವವಾಯು ಆದವರಲ್ಲಿ ಕೆಮ್ಮೇ ಬಾರದೆ ಆಸ್ಪಿರೇಷನ್ ಆಗಬಹುದು. ಆದ್ದರಿಂದ ಕೆಮ್ಮಲಿಲ್ಲ ಎಂದು ನಿಶ್ಚಿಂತರಾಗಬೇಡಿ, ಮುಖ ನೋಡುತ್ತಲೇ ಇರಿ.

ಪ್ರಶ್ನೆ: ಐಒ ಚಾರ್ಟಿನಲ್ಲಿ (ಮೈಯೊಳಗೆ ಹೋದ, ಹೊರಗೆ ಬಂದ ದ್ರವದ ಲೆಕ್ಕ) ಮಜ್ಜಿಗೆ, ಇಡ್ಲಿ ಎಲ್ಲ ಬರೆಯಬೇಕೇ? (ಹಾಸನ)

ಇಡ್ಲಿ ಬೇಡ. ಮಜ್ಜಿಗೆ, ಕಾಫಿ, ಎಳನೀರು, ಗಂಜಿತಿಳಿ, ಸಾರು, ಮಾತ್ರೆಯ ಜೊತೆ ಕುಡಿದ ನೀರು, ಡ್ರಿಪ್, ಟ್ಯೂಬ್ ತೊಳೆದ ನೀರು ಎಲ್ಲವೂ ಇನ್‌ಟೇಕ್. ಮಂಜುಗಡ್ಡೆ ಚೀಪಿದರೆ ಅದರ ಅಳತೆಯ ಅರ್ಧ. ಮನೆಯ ಲೋಟವನ್ನು ಒಮ್ಮೆ ಅಳತೆಯ ಜಾರಿನಿಂದ ತುಂಬಿಸಿ ಎಷ್ಟು ಹಿಡಿಯುತ್ತದೆ ಎಂದು ಬರೆದಿಟ್ಟುಕೊಳ್ಳಿ, ಅಂದಾಜು ಬೇಡ. ಔಟ್‌ಪುಟ್‌ನಲ್ಲಿ ಮೂತ್ರ, ವಾಂತಿ, ನೀರುಭೇದಿ, ಡ್ರೈನ್. ಡೈಪರ್ ಆದರೆ ತೂಗಿ, ಒಣ ಡೈಪರಿನ ತೂಕ ಕಳೆಯಿರಿ. ಉಳಿದ ಒಂದು ಗ್ರಾಂಗೆ ಒಂದು ಮಿಲಿಲೀಟರ್.

ವಯಸ್ಕರಿಗೆ ಗಂಟೆಗೆ ಒಂದು ಕೆಜಿ ತೂಕಕ್ಕೆ ಅರ್ಧ ಮಿಲಿಲೀಟರ್ ಮೂತ್ರವಾದರೂ ಬರಬೇಕು. 60 ಕೆಜಿಯವರಿಗೆ 30. ಎರಡು ಗಂಟೆ ಸತತ ಕಡಿಮೆಯಾದರೆ ತಿಳಿಸಿ. ಅದಕ್ಕೆ ಮುಂಚೆ ಕ್ಯಾಥೆಟರ್ ಕೊಳವೆ ತೊಡೆಯ ಕೆಳಗೆ ಸಿಕ್ಕಿ ಮಡಚಿದೆಯೇ ನೋಡಿ. ಚೀಲ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲ ಮುಟ್ಟಬಾರದು.

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯವರ ಸೊಂಟದ ಕೆಳಗೆ ಸ್ವಲ್ಪ ಕಪ್ಪಾಗಿದೆ. ನರ್ಸ್ ‘ಗ್ರೇಡ್ 1’ ಎಂದರು. ಎಣ್ಣೆ ತಿಕ್ಕಬಹುದೇ? (ಹುಬ್ಬಳ್ಳಿ)

ತಿಕ್ಕಬೇಡಿ. ಅಲ್ಲಿ ಚರ್ಮದ ಕೆಳಗಿನ ರಕ್ತನಾಳಗಳು ಆಗಲೇ ಒತ್ತಡಕ್ಕೆ ನಲುಗಿವೆ, ತಿಕ್ಕಿದರೆ ಹರಿಯುತ್ತವೆ. ಗ್ರೇಡ್ 1 ಎಂದರೆ ಹಾಸಿಗೆ ಹುಣ್ಣಿನ ಮೊದಲ ಹಂತ: ಚರ್ಮ ಒಡೆದಿಲ್ಲ, ಬೆರಳಿಂದ ಒತ್ತಿ ಬಿಟ್ಟರೂ ಕೆಂಪು ಬಿಳಿಚುವುದಿಲ್ಲ. ಪುಸ್ತಕಗಳ ಈ ‘ಕೆಂಪು’ ನಮ್ಮ ಮೈಬಣ್ಣದಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಪಕ್ಕದ ಚರ್ಮದೊಂದಿಗೆ ಹೋಲಿಸಿ ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ: ಬಿಸಿ, ಗಟ್ಟಿ, ಮೆತ್ತಗೆ, ನೋವು, ಇವೇ ಸೂಚನೆ. ಗುಳ್ಳೆ ಎದ್ದರೆ ಅಥವಾ ಮೇಲ್ಪದರ ಕಿತ್ತರೆ 2, ಕೊಬ್ಬಿನ ಪದರ ಕಂಡರೆ 3, ಸ್ನಾಯು ಅಥವಾ ಎಲುಬು ಕಂಡರೆ 4.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ತೊಡೆಯ ಮೇಲಿನ ಎಲುಬಿಗೆ ಭಾರ ಬೀಳುತ್ತದೆ. ಬೆನ್ನ ಹಿಂದೆ ದಿಂಬು ಕೊಟ್ಟು 30 ಡಿಗ್ರಿಯಷ್ಟೇ ವಾಲಿಸಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಗಾಳಿಯಲ್ಲಿ ತೇಲುವಂತೆ ಮಾಡಿ. ಗ್ಲೌಸಿಗೆ ನೀರು ತುಂಬಿ ಹಿಮ್ಮಡಿಗೆ ಇಡುವುದು ಬೇಡ. ನಡುವೆ ತೂತಿರುವ ರಬ್ಬರ್ ಬಳೆಯೂ ಬೇಡ, ಅದರ ಅಂಚೇ ರಕ್ತ ತಡೆಯುತ್ತದೆ. ಮೇಲಕ್ಕೆ ಸರಿಸುವಾಗ ಕಂಕುಳಿಗೆ ಕೈ ಹಾಕಿ ಎಳೆದರೆ ಚರ್ಮ ಹಾಸಿಗೆಗೆ ಅಂಟಿ ಒಳಗಿನ ಪದರ ಜಾರುತ್ತದೆ, ಇದನ್ನೇ ಶಿಯರ್ ಎನ್ನುವುದು. ಕೆಳಗೆ ಮಡಚಿದ ಸೀರೆ ಹಾಸಿ, ಇಬ್ಬರು ಎರಡು ಕಡೆ ಹಿಡಿದು ಎತ್ತಿ ಸರಿಸಿ. ಏರ್ ಬೆಡ್ ಇದ್ದರೂ ಮಗ್ಗುಲು ಬದಲಿಸುವುದು ತಪ್ಪುವುದಿಲ್ಲ.

ಪ್ರಶ್ನೆ: ಹೈಪರ್, ಹೈಪೊ ಯಾವಾಗಲೂ ಅದಲುಬದಲಾಗುತ್ತವೆ. (ಶಿವಮೊಗ್ಗ)

ಹೈಪರ್ ಹೆಚ್ಚು, ಹೈಪೊ ಕಡಿಮೆ. ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುವುದರಿಂದ ಪದ ಬಿಟ್ಟು ಅಂಕಿ ಹೇಳಿ: ‘ಶುಗರ್ 58 ಇದೆ’. 70ಕ್ಕಿಂತ ಕಡಿಮೆ ಇದ್ದು ರೋಗಿಗೆ ಎಚ್ಚರವಿದ್ದು ನುಂಗಬಲ್ಲರಾದರೆ ಮೂರು ಟೀ ಚಮಚ ಸಕ್ಕರೆಯನ್ನು ಅರ್ಧ ಲೋಟ ನೀರಿಗೆ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ 70 ದಾಟದಿದ್ದರೆ ಇನ್ನೊಮ್ಮೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ.