ಕಂಟಿನ್ಯೂಟಿ ಎಕ್ಸರ್‌ಸೈಜ್‌ನಲ್ಲಿ ‘ಬಾಗಿಲ ಹತ್ತಿರ ಜಂಪ್ ಆಗ್ತಿದೆ’ ಅಂತ ಫೀಡ್‌ಬ್ಯಾಕ್ ಬಂದಿದೆ. ಎಡಿಟಿಂಗ್‌ನಲ್ಲೇ ಸರಿ ಮಾಡೋದು ಹೇಗೆ?

ನಮಗೂ ಇದೇ ಎಕ್ಸರ್‌ಸೈಜ್ ಕೊಟ್ಟಿದ್ದರು. ಕಂಟಿನ್ಯೂಟಿ ಅಂದರೆ ಬೇರೆ ಬೇರೆಯಾಗಿ ತೆಗೆದ ಶಾಟ್‌ಗಳು ಜೋಡಿಸಿದಾಗ ಎಲ್ಲೂ ತುಂಡಾಗದೆ ಒಂದೇ ಘಟನೆಯಂತೆ ಕಾಣುವುದು. ಒಬ್ಬರು ಬಾಗಿಲು ತೆಗೆದು ಒಳಗೆ ಬರಬೇಕು, ಕೋಣೆ ದಾಟಿ ಕುರ್ಚಿಯಲ್ಲಿ ಕೂರಬೇಕು, ಎದುರಿಗಿದ್ದವರ ಜೊತೆ ಎರಡು ಮಾತಾಡಬೇಕು. ನನಗೆ ಬಂದ ಫೀಡ್‌ಬ್ಯಾಕ್ ಕೂಡ ಹೆಚ್ಚುಕಡಿಮೆ ನಿಮ್ಮದೇ: ಬಾಗಿಲ ಹತ್ತಿರ ಆಕ್ಷನ್ ಮ್ಯಾಚ್ ಆಗಿಲ್ಲ, ಓವರ್‌ಲ್ಯಾಪ್ ಇಲ್ಲ, ಅಂದರೆ ಒಂದೇ ಚಲನೆ ಎರಡೂ ಶಾಟ್‌ನಲ್ಲಿ ಸಿಕ್ಕಿಲ್ಲ. ಅದನ್ನು ಡಿಸಾಲ್ವ್ ಹಾಕಿ (ಒಂದು ಶಾಟ್ ಕರಗುತ್ತಾ ಇನ್ನೊಂದು ಮೂಡುವ ಹಾಗೆ ಮಾಡಿ) ಮುಚ್ಚಬಹುದಾ ಅಂತ ಕೇಳಿದ್ದೀರಿ. ಬೇಡ. ಇದು ಎಡಿಟಿಂಗ್ ತೊಂದರೆಯೇ ಅಲ್ಲ. ಶೂಟ್ ಮಾಡುವಾಗ ಬಿಟ್ಟುಹೋಗಿದ್ದು ಟೈಮ್‌ಲೈನ್‌ನಲ್ಲಿ ಸಿಗುವುದಿಲ್ಲ.

ಆಗ ನಾನು ಬೆಂಗಳೂರಿನಲ್ಲಿ ಪತ್ರಿಕೋದ್ಯಮ ಡಿಗ್ರಿ ಓದುತ್ತಿದ್ದೆ. ಕ್ಲಾಸ್‌ಮೇಟ್ ಒಬ್ಬನ ಬಾಡಿಗೆ ರೂಮಿನಲ್ಲಿ ಶೂಟ್ ಮಾಡಿದೆವು. ಮೊದಲ ಶಾಟ್ ಹೊರಗಿನಿಂದ. ಹುಡುಗ ನಡೆದು ಬರುತ್ತಾನೆ, ಹಿಡಿಕೆ ಮೇಲೆ ಕೈ ಇಡುತ್ತಾನೆ. ಕೈ ಇಟ್ಟ ತಕ್ಷಣ ನಾನು ಕಟ್ ಅಂದೆ. ಆಮೇಲೆ ಕ್ಯಾಮೆರಾ ಒಳಗೆ ತಂದು, ಬಾಗಿಲನ್ನು ಅರ್ಧ ತೆರೆದು ಇಟ್ಟು, ಅಲ್ಲಿಂದ ಆಕ್ಷನ್ ಅಂದೆ. ಹೊರಗಿನದು ನಿಂತ ಕಡೆಯಿಂದ ಒಳಗಿನದು ಶುರುವಾದರೆ ಸಾಕು, ಜೋಡಿಸಿದರೆ ಎರಡೂ ಸೇರಿ ಒಂದೇ ಓಟ ಆಗುತ್ತೆ ಅಂತ ನಂಬಿದ್ದೆ. ಆಗುವುದಿಲ್ಲ. ಹಿಡಿಕೆ ತಿರುಗುವುದು, ಭುಜ ಮುಂದೆ ಬಾಗುವುದು, ಬಾಗಿಲು ಸರಿಯುವುದು, ಈ ಭಾಗ ಎರಡು ಶಾಟ್‌ನಲ್ಲೂ ಇರಲಿಲ್ಲ. ಸೆಕೆಂಡಿಗೆ 25 ಫ್ರೇಮ್. ಅದರಲ್ಲಿ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಮಾಡಿ ನೋಡಿದೆ, ಎಳೆದುಕೊಳ್ಳೋಕೆ ಅಲ್ಲಿ ಏನೂ ಉಳಿದಿರಲಿಲ್ಲ. ಇನ್ನೊಂದು ಆಮೇಲೆ ಕಾಣಿಸಿತು: ಹೊರಗೆ ಬ್ಯಾಗ್ ಎಡಭುಜದಲ್ಲಿ, ಬಲಗೈ ಹಿಡಿಕೆ ಮೇಲೆ. ಒಳಗೆ ಬರುವಾಗ ಬ್ಯಾಗ್ ಬಲಭುಜಕ್ಕೆ ಹೋಗಿದೆ, ಬಾಗಿಲ ಅಂಚು ಹಿಡಿದಿರುವುದು ಎಡಗೈ. ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಶುರು ಮಾಡಿಸಿದರೆ ಮೈ ಹಾಗೆ ಬದಲಾಗಿಬಿಡುತ್ತೆ. ಡಿಸಾಲ್ವ್ ಕೂಡ ಹಾಕಿ ನೋಡಿದೆ. ಡಿಸಾಲ್ವ್ ಕಂಡರೆ ನೋಡುವವರು ಸಮಯ ಕಳೆಯಿತು ಅಂದುಕೊಳ್ಳುತ್ತಾರೆ. ಬಾಗಿಲಿಗೆ ಕೈ ಇಟ್ಟವನು ಒಳಗೆ ಬರುವ ಹೊತ್ತಿಗೆ ಅರ್ಧ ದಿನ ಆಗಿದೆ ಅನ್ನಿಸುತ್ತಿತ್ತು.

ಮಾಡಬೇಕಿದ್ದದ್ದು ಇಷ್ಟೇ. ಹೊರಗಿನ ಶಾಟ್‌ನಲ್ಲಿ ಅವನು ಬಾಗಿಲು ತೆಗೆದು, ಒಳಗೆ ಹೋಗಿ, ಬಾಗಿಲು ಮುಚ್ಚಿಕೊಳ್ಳುವವರೆಗೂ ಕ್ಯಾಮೆರಾ ಓಡಬೇಕು. ಒಳಗಿನ ಶಾಟ್ ಮುಚ್ಚಿದ ಬಾಗಿಲಿನಿಂದ ಶುರುವಾಗಬೇಕು: ಮೊದಲು ಹಿಡಿಕೆ ಅಲ್ಲಾಡುತ್ತೆ, ಆಮೇಲೆ ಬಾಗಿಲು, ಆಮೇಲೆ ಮನುಷ್ಯ. ಒಂದೇ ಕೆಲಸ ಎರಡು ಸಲ ಪೂರ್ತಿ ಆಗಿರುತ್ತೆ. ಆಗ ಕಟ್ ಎಲ್ಲಿ ಹಾಕಬೇಕು ಅನ್ನುವುದು ನಿಮ್ಮ ಕೈಯಲ್ಲಿರುತ್ತೆ. ಬಾಗಿಲು ಚಲಿಸುತ್ತಿರುವಾಗಲೇ ಕಟ್ ಮಾಡಿ, ನಿಂತ ಮೇಲಲ್ಲ. ಕಣ್ಣು ಚಲನೆಯ ಹಿಂದೆ ಹೋಗುವುದರಿಂದ ಕಟ್ ಗೊತ್ತಾಗುವುದಿಲ್ಲ. ಬಾಗಿಲಿನ ಸದ್ದನ್ನು ಒಂದೇ ಟೇಕ್‌ನಿಂದ ತೆಗೆದು ಕಟ್‌ನ ಎರಡೂ ಕಡೆ ಹರಿಯೋಕೆ ಬಿಡಿ.

ನನಗೆ ಮತ್ತೆ ಶೂಟ್ ಮಾಡೋಕೂ ಆಗಲಿಲ್ಲ. ನಾನು ಸುಮ್ನೆ ಸಾಫ್ಟ್‌ವೇರ್ ಮುಂದೆ ಕೂತು ಟೈಮ್ ಕಳೆಯುತ್ತಿದ್ದಾಗ ಆ ಹುಡುಗ ಅಕ್ಕನ ಮದುವೆಗೆ ಊರಿಗೆ ಹೋಗಿ ಗಡ್ಡ ತೆಗೆಸಿಕೊಂಡು ಬಂದಿದ್ದ. ಮಾರ್ಕ್ಸ್ ಹೋಯಿತು, ಅದು ಪರವಾಗಿಲ್ಲ. ಸೆಮಿಸ್ಟರ್ ಕೊನೆಯ ಕಿರುಚಿತ್ರಕ್ಕೆ ಎಡಿಟರ್ ಆಗಬೇಕು ಅಂತ ತುಂಬಾ ಆಸೆ ಇತ್ತು, ಆ ಜಾಗ ಬೇರೆಯವರಿಗೆ ಹೋಯಿತು. ಅದು ಈಗಲೂ ನೋವು ಕೊಡುತ್ತೆ.

ಇನ್ನು, ಹಾಲಿವುಡ್ ಎಡಿಟರ್ ವಾಲ್ಟರ್ ಮರ್ಚ್ ಪ್ರಕಾರ ಒಂದು ಕಟ್ ಚೆನ್ನಾಗಿದೆಯಾ ಅಂತ ತೂಗುವಾಗ ಜಾಗದ ಕಂಟಿನ್ಯೂಟಿಗೆ (ಯಾರು, ಯಾವುದು ಎಲ್ಲಿದೆ ಅನ್ನುವುದಕ್ಕೆ) ಇರುವುದು 4 ಪರ್ಸೆಂಟ್ ಮಾತ್ರ, ಹಾಗಾದರೆ ಮಾರ್ಕ್ಸ್ ಯಾಕೆ ಕಟ್ ಮಾಡಿದರು ಅಂತ ಬರೆದಿದ್ದೀರಿ. ಅವರು ಭಾವನೆಗೆ 51, ಕಥೆಗೆ 23, ಲಯಕ್ಕೆ 10 ಕೊಟ್ಟಿರುವುದು ನಿಜ. ಆದರೆ ಎಲ್ಲವನ್ನೂ ಉಳಿಸಿಕೊಳ್ಳೋಕೆ ಆಗದಿದ್ದಾಗ ಯಾವುದನ್ನು ಮೊದಲು ಬಿಡಬೇಕು ಅನ್ನುವ ಲೆಕ್ಕ ಅದು. ಅದ್ಭುತವಾದ ಅಭಿನಯ ಉಳಿಸೋಕೆ ಮೇಜಿನ ಮೇಲಿನ ಕಾಫಿ ಕಪ್ ಜಾಗ ತಪ್ಪಿದರೆ ಸರಿ. ನಿಮ್ಮ ಬಾಗಿಲ ಹತ್ತಿರ ಯಾವ ಭಾವನೆ ಉಳಿಸೋಕೆ ಕಂಟಿನ್ಯೂಟಿ ಬಿಟ್ಟಿರಿ? ಈ ಎಕ್ಸರ್‌ಸೈಜ್ ಇರುವುದೇ ಆ 4 ಪರ್ಸೆಂಟ್ ಕಲಿಯೋಕೆ ಅಲ್ವಾ? ನಿಮ್ಮ ಮೇಷ್ಟ್ರು ಸರಿಯಾಗೇ ಹೇಳಿದ್ದಾರೆ.

ಎದುರುಬದುರು ಕೂತು ಮಾತಾಡುವ ಇಬ್ಬರೂ ಅವರವರ ಶಾಟ್‌ನಲ್ಲಿ ಒಂದೇ ಕಡೆ ನೋಡುತ್ತಿದ್ದಾರೆ ಅನ್ನುವ ಇನ್ನೊಂದು ಕಾಮೆಂಟ್‌ಗೆ ಒಂದು ಶಾಟ್ ಫ್ಲಿಪ್ ಮಾಡೋಣ (ಕನ್ನಡಿಯಲ್ಲಿ ಕಂಡಂತೆ ಎಡ ಬಲ ತಿರುಗಿಸೋಣ) ಅಂದಿದ್ದೀರಿ. ಹಿಂದೆ ಗೋಡೆಯ ಕ್ಯಾಲೆಂಡರ್ ಇದ್ದರೆ ಅಕ್ಷರ ಎಲ್ಲ ತಿರುಗುಮುರುಗು ಆಗುತ್ತೆ, ಬೈತಲೆಯೂ ಆ ಕಡೆಗೆ ಹೋಗುತ್ತೆ. ಕೂತ ಒಬ್ಬರಿಂದ ಇನ್ನೊಬ್ಬರವರೆಗೆ ಒಂದು ಗೆರೆ ಎಳೆದಿದೆ ಅಂದುಕೊಂಡು, ಕ್ಯಾಮೆರಾವನ್ನು ಅದರ ಒಂದೇ ಪಕ್ಕದಲ್ಲಿ ಇಟ್ಟು ಅದನ್ನೂ ಮತ್ತೆ ತೆಗೆಯಿರಿ.

ನಿಮ್ಮ ನಟ ಈಗಲೂ ಅದೇ ಗಡ್ಡ, ಅದೇ ಕೂದಲಿನಲ್ಲಿ ಇದ್ದರೆ ಇವತ್ತೇ ಫೋನ್ ಮಾಡಿ, ಅದೇ ಶರ್ಟ್ ತರಲು ಹೇಳಿ. ಫ್ಯಾನ್ ಆಫ್ ಮಾಡಿ. ಶೂಟ್ ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಖಾಲಿ ರೂಮಿನ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಎಡಿಟ್ ಆದಮೇಲೆ ಮೇಷ್ಟ್ರಿಗೆ ಮೊದಲು ಆ ಬಾಗಿಲಿನ ಕಟ್ ಒಂದನ್ನೇ ತೋರಿಸಿ.