ಜೋಹರ್ ನಿಜವಾಗಲೂ ಎರಡು ಸಾವಿರ ವರ್ಷ ಹಳೆಯದಾ?

ಯಹೂದಿ ಅನುಭಾವ ಪರಂಪರೆಯ ಬಗ್ಗೆ, ಅಂದರೆ ಕಬ್ಬಾಲಾ ಬಗ್ಗೆ ಬರುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: ಅದರ ಮುಖ್ಯ ಗ್ರಂಥವಾದ ಜೋಹರ್ ಎಷ್ಟು ಹಳೆಯದು? ಈ ಸಲ ಅದಕ್ಕೇ ಹೆಚ್ಚು ಜಾಗ ಕೊಡುತ್ತೇನೆ. ಉಳಿದವಕ್ಕೆ ಚುಟುಕಾಗಿ ಉತ್ತರಿಸುತ್ತೇನೆ.

ಪ್ರಶ್ನೆ: ಆನ್‌ಲೈನ್ ಕಬ್ಬಾಲಾ ಕೋರ್ಸ್‌ಗೆ ದುಡ್ಡು ಕಟ್ಟಿದ್ದೇನೆ. ಜೋಹರ್ ಗ್ರಂಥವನ್ನು ರಬ್ಬಿ ಶಿಮೋನ್ ಬಾರ್ ಯೋಹಾಯ್ ಎರಡು ಸಾವಿರ ವರ್ಷದ ಹಿಂದೆ ಗುಹೆಯಲ್ಲಿ ಕೂತು ಬರೆದರು ಅಂತ ಅಲ್ಲಿ ಕಲಿಸುತ್ತಾರೆ. ನನ್ನ ತಮ್ಮ ಅದು ಹದಿಮೂರನೇ ಶತಮಾನದ ಸುಳ್ಳು ಗ್ರಂಥ ಅಂತಾನೆ. ಯಾರ ಮಾತು ನಂಬಲಿ?

ಕಾಲದ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದೇ ಸರಿ. ‘ಸುಳ್ಳು’ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಮೊದಲು ಗುಹೆಯ ಕಥೆ. ಶಿಮೋನ್ ಬಾರ್ ಯೋಹಾಯ್ ಎರಡನೇ ಶತಮಾನದಲ್ಲಿ ಗಲಿಲಾಯದಲ್ಲಿ, ಅಂದರೆ ಇಂದಿನ ಇಸ್ರೇಲಿನ ಉತ್ತರ ಭಾಗದಲ್ಲಿದ್ದ ದೊಡ್ಡ ರಬ್ಬಿ, ಯಹೂದಿ ಧರ್ಮವಿದ್ವಾಂಸರು. ರೋಮನ್ನರಿಗೆ ಹೆದರಿ ಮಗ ಎಲಾಜಾರ್ ಜೊತೆ ವರ್ಷಗಟ್ಟಲೆ ಗುಹೆಯಲ್ಲಿ ಅಡಗಿದ್ದರು ಅಂತ ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್ ಹೇಳುತ್ತದೆ. ಆದರೆ ಅಲ್ಲಿ ಅವರು ಒಂದು ಗ್ರಂಥ ಬರೆದರು ಅಂತ ತಾಲ್ಮುದ್ ಎಲ್ಲೂ ಹೇಳುವುದಿಲ್ಲ. ಮುಂದೆ ಸಾವಿರ ವರ್ಷಕ್ಕೂ ಜಾಸ್ತಿ ಕಾಲ ಜೋಹರ್‌ನ ಹೆಸರನ್ನೂ ಯಾರೂ ಎತ್ತುವುದಿಲ್ಲ. ಇಷ್ಟು ದೊಡ್ಡ ಗ್ರಂಥ ಇದ್ದಿದ್ದರೆ ಒಬ್ಬರಾದರೂ ಉಲ್ಲೇಖಿಸಬೇಕಿತ್ತು, ಅಲ್ವಾ?

ಅದು ಕಾಣಿಸಿಕೊಂಡದ್ದು ಸ್ಪೇನಿನ ಕಸ್ತೀಲ್ಯ ಪ್ರಾಂತ್ಯದಲ್ಲಿ, 1280ರ ನಂತರ. ಅದೂ ಇಡೀ ಪುಸ್ತಕವಾಗಿ ಬರಲಿಲ್ಲ. ಬಿಡಿ ಬಿಡಿ ಕಟ್ಟುಗಳಾಗಿ ಕೈಯಿಂದ ಕೈಗೆ ಹೋಯಿತು. ಹಂಚುತ್ತಿದ್ದವರು ಮೋಶೆ ದೆ ಲಿಯೋನ್. ತಮ್ಮ ಬಳಿ ಇರುವ ಹಳೆಯ ಪ್ರತಿಯಿಂದ ನಕಲು ಮಾಡುತ್ತಿದ್ದೇನೆ ಅನ್ನುತ್ತಿದ್ದರು. 1305ರಲ್ಲಿ ಅಕ್ಕೋ ಊರಿನ ಇಸಾಕ್ ಎಂಬ ಕಬ್ಬಾಲಾ ಪಂಡಿತ ಇದನ್ನು ವಿಚಾರಿಸಲೆಂದೇ ಸ್ಪೇನಿಗೆ ಬಂದ. ವಯ್ಯದೊಲಿದ್‌ನಲ್ಲಿ ಮೋಶೆ ಸಿಕ್ಕರು. ಮೂಲ ಪ್ರತಿ ಆವಿಲಾದ ಮನೆಯಲ್ಲಿದೆ, ಬಂದರೆ ತೋರಿಸುತ್ತೇನೆ ಅಂತ ಆಣೆ ಮಾಡಿದರು. ಮನೆ ಮುಟ್ಟುವ ಮೊದಲೇ ಅರೆವಾಲೊದಲ್ಲಿ ತೀರಿಕೊಂಡರು.

ಇಸಾಕ್ ಆವಿಲಾಕ್ಕೆ ಹೋದ. ಅಲ್ಲಿ ಕೇಳಿದ ಸುದ್ದಿ ಹೀಗಿತ್ತು: ಊರಿನ ಒಬ್ಬ ಶ್ರೀಮಂತ, ಆ ಮೂಲ ಪ್ರತಿ ಕೊಟ್ಟರೆ ನಿಮ್ಮ ಮಗಳನ್ನು ನನ್ನ ಮಗನಿಗೆ ತಂದುಕೊಳ್ಳುತ್ತೇನೆ ಅಂತ ಮೋಶೆಯ ಹೆಂಡತಿಗೆ ಹೇಳಿ ಕಳಿಸಿದ್ದ. ಬಡತನದಲ್ಲಿದ್ದ ಆ ಹೆಂಗಸು, ಅಂಥ ಪ್ರತಿಯೇ ಇಲ್ಲ, ಗಂಡ ಎಲ್ಲವನ್ನೂ ತಲೆಯಿಂದಲೇ ಬರೆದದ್ದು ಅಂದಳು. ನಿಮ್ಮ ಹೆಸರನ್ನೇ ಯಾಕೆ ಹಾಕಬಾರದು ಅಂತ ಅವಳು ಕೇಳಿದ್ದಳಂತೆ. ನನ್ನದು ಅಂದರೆ ಯಾರೂ ಕಿವಿಗೊಡುವುದಿಲ್ಲ, ಶಿಮೋನ್ ಬಾರ್ ಯೋಹಾಯ್ ಅವರದು ಅಂದರೆ ಒಳ್ಳೆಯ ಬೆಲೆ ಬರುತ್ತದೆ ಅಂತ ಮೋಶೆ ಹೇಳಿದ್ದರಂತೆ.

ಇದು ಒಬ್ಬರಿಂದ ಒಬ್ಬರಿಗೆ ಬಂದ ಮಾತು. ಇಸಾಕ್ ಆ ಹೆಂಗಸನ್ನು ಕಂಡಿರಲಿಲ್ಲ. ಅವನ ಬರಹ ನಮಗೆ ಸಿಕ್ಕಿರುವುದು ಅಬ್ರಾಹಮ್ ಜಕೂತೊ ಎಂಬ ಇತಿಹಾಸಕಾರ ಎತ್ತಿ ಬರೆದಷ್ಟು ಮಾತ್ರ, ಅದೂ ನಡುವೆಯೇ ನಿಂತುಹೋಗುತ್ತದೆ. ಹಾಗಾಗಿ ನಾನು ಈ ಕಥೆಯೊಂದನ್ನೇ ನಂಬಿ ತೀರ್ಪು ಕೊಡುವುದಿಲ್ಲ. ಗ್ರಂಥದ ಒಳಗೇ ಗಟ್ಟಿ ಸಾಕ್ಷಿ ಇದೆ. ಹೀಬ್ರೂ ಬರಹದ ಸ್ವರಚಿಹ್ನೆಗಳ ಬಗ್ಗೆ ಅದು ಉದ್ದಕ್ಕೆ ಮಾತಾಡುತ್ತದೆ. ಶಿಮೋನ್ ಕಾಲದಲ್ಲಿ ಆ ಚಿಹ್ನೆಗಳೇ ಇರಲಿಲ್ಲ. ಪವಿತ್ರ ಭೂಮಿಯನ್ನು ಇಸ್ಮಾಯೇಲನ ಸಂತತಿ, ಅಂದರೆ ಮುಸ್ಲಿಮರು, ಆಳುವುದು ಅದಕ್ಕೆ ಗೊತ್ತು. ಗ್ರಂಥ ಇರುವುದು ಅರಮಾಯಿಕ್ ಎಂಬ ಹಳೆಯ ಭಾಷೆಯಲ್ಲಿ, ಆದರೆ ಆ ಅರಮಾಯಿಕ್ ಆಡುಮಾತಿನದಲ್ಲ, ತಾಲ್ಮುದ್ ಮತ್ತು ಬೈಬಲಿನ ಹಳೆಯ ಅರಮಾಯಿಕ್ ಅನುವಾದಗಳನ್ನು ಓದಿ ಕಲಿತದ್ದು. ಗಲಿಲಾಯದ ಊರು, ದಾರಿಗಳೂ ಅಲ್ಲಲ್ಲಿ ತಪ್ಪಿವೆ.

ಇದನ್ನು ಧರ್ಮದ್ವೇಷಿಗಳು ಕಂಡುಹಿಡಿದದ್ದು ಅಂತ ನಿಮ್ಮ ಕೋರ್ಸಿನವರು ಹೇಳಬಹುದು. ಅದು ಸರಿಯಲ್ಲ. 1768ರಲ್ಲಿ ಇಂಥ ತಪ್ಪುಗಳನ್ನು ಪುಟಗಟ್ಟಲೆ ಪಟ್ಟಿ ಮಾಡಿದ ಯಾಕೋಬ್ ಎಮ್ಡನ್ ಸ್ವತಃ ರಬ್ಬಿ, ಕಬ್ಬಾಲಾವನ್ನು ನಂಬಿದವರು. ಗ್ರಂಥದ ಒಂದು ತಿರುಳು ಹಳೆಯದು, ಉಳಿದದ್ದು ಆಮೇಲೆ ಸೇರಿದ್ದು ಅಂತ ಅವರ ತೀರ್ಮಾನ. ಇಪ್ಪತ್ತನೇ ಶತಮಾನದಲ್ಲಿ ಕಬ್ಬಾಲಾ ಸಂಶೋಧಕ ಗೆರ್ಶೋಮ್ ಶೋಲೆಮ್ ಮೊದಲು ಗ್ರಂಥ ಹಳೆಯದಿರಬಹುದು ಅಂತಲೇ ಹುಡುಕಲು ಹೊರಟರು. ಮೋಶೆ ತಮ್ಮ ಹೆಸರಲ್ಲೇ ಬರೆದ ಹೀಬ್ರೂ ಕೃತಿಗಳ ಜೊತೆ ಹೋಲಿಸಿ ನೋಡಿದ ಮೇಲೆ, ಮುಖ್ಯ ಭಾಗವೆಲ್ಲ ಮೋಶೆಯದೇ ಅಂದರು. ಆಮೇಲೆ ಇನ್ನೊಬ್ಬ ಸಂಶೋಧಕ ಯೆಹೂದಾ ಲೀಬೆಸ್, ಇದು ಒಬ್ಬರ ಕೆಲಸವಲ್ಲ, ಕಸ್ತೀಲ್ಯದ ಒಂದು ಗೆಳೆಯರ ಬಳಗದ್ದು ಅಂತ ವಾದಿಸಿದರು. ನನಗೂ ಅದೇ ಸರಿ ಅನಿಸುತ್ತದೆ. ಗ್ರಂಥದ ತುಂಬ ಇರುವುದು ಒಂದು ಬಳಗವೇ ತಾನೇ! ದಾರಿಯಲ್ಲಿ ನಡೆಯುತ್ತಾ, ನಡುರಾತ್ರಿ ಎದ್ದು ಕೂತು ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಒಂದೊಂದು ಸಾಲನ್ನೂ ಬಿಡಿಸುತ್ತಾ ಹೋಗುವ ಗೆಳೆಯರು. ಇವನೇನು ಗೊತ್ತಿಲ್ಲದೆ ಹರಟುತ್ತಾನೆ ಅಂತ ಆ ಗೆಳೆಯರು ಯಾರ ಬಗ್ಗೆ ಬೇಸರಪಟ್ಟರೋ ಆ ಕತ್ತೆ ಹೊಡೆಯುವ ಮುದುಕನೇ ಅವರೆಲ್ಲರಿಗಿಂತ ದೊಡ್ಡ ಜ್ಞಾನಿ ಅಂತ ಗೊತ್ತಾಗುವ ಭಾಗ ಓದಿ. ಅಲ್ಲಿ ತೋರಾ ಅರಮನೆಯ ಹುಡುಗಿ. ತನ್ನನ್ನು ಪ್ರೀತಿಸುವವನಿಗೆ ಮಾತ್ರ ಕ್ಷಣಹೊತ್ತು ಮುಖ ತೋರಿಸಿ ಮರೆಯಾಗುತ್ತಾಳೆ. ಬರಿ ದುಡ್ಡಿಗಾಗಿ ಮೋಸ ಮಾಡುವವರಿಂದ ಇಂಥ ಬರಹ ಬರುವುದಿಲ್ಲ.

ಹಿರಿಯರ ಹೆಸರಲ್ಲಿ ಬರೆಯುವುದು ಆ ಕಾಲದಲ್ಲಿ ಹೊಸದೂ ಅಲ್ಲ. ಹನ್ನೆರಡನೇ ಶತಮಾನದ ಕೊನೆಯಲ್ಲಿ ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಕಡೆ ಕಾಣಿಸಿಕೊಂಡ ಬಾಹಿರ್ ಎಂಬ ಕಬ್ಬಾಲಾ ಗ್ರಂಥವೂ ಪ್ರಾಚೀನ ಋಷಿಯೊಬ್ಬರ ಹೆಸರು ಹೊತ್ತೇ ಬಂತು. ಜೋಹರ್ 1558ರಿಂದ 1560ರ ನಡುವೆ ಇಟಲಿಯ ಮಾಂತುವಾ ಮತ್ತು ಕ್ರೆಮೋನಾದಲ್ಲಿ ಅಚ್ಚಾಯಿತು. ಅದೇ ಶತಮಾನದಲ್ಲಿ ಗಲಿಲಾಯದ ಸಾಫೆದ್ ಊರಿನಲ್ಲಿ ಮೋಶೆ ಕೊರ್ದೊವೆರೊ, ಇಸಾಕ್ ಲೂರಿಯಾ ಅದರ ಮೇಲೆ ದೊಡ್ಡ ದರ್ಶನವನ್ನೇ ಕಟ್ಟಿದರು. ಸಬ್ಬತ್ ಎಂಬ ವಾರದ ವಿಶ್ರಾಂತಿ ದಿನವನ್ನು ಮದುಮಗಳಂತೆ ಎದುರುಗೊಳ್ಳುವ ಸಾಫೆದ್‌ನ ಹಾಡನ್ನು ಪ್ರತಿ ಶುಕ್ರವಾರ ಸಂಜೆ ಜಗತ್ತಿನ ಸಿನಗಾಗ್‌ಗಳಲ್ಲಿ ಇಂದೂ ಹಾಡುತ್ತಾರೆ. ಹಳೆಯದು ಅನ್ನಿಸಿಕೊಳ್ಳದೆಯೂ ಈ ಗ್ರಂಥ ದೊಡ್ಡದೇ.

ಇನ್ನು ನಿಮ್ಮ ಕೋರ್ಸ್. ಭಕ್ತಿಯಿಂದ ಶಿಮೋನ್ ಹೆಸರು ಹೇಳುವ ಸಾಂಪ್ರದಾಯಿಕ ಯಹೂದಿಯ ಮೇಲೆ ನನಗೆ ಗೌರವವಿದೆ. ಅರ್ಥ ತಿಳಿಯದಿದ್ದರೂ ಜೋಹರ್ ಪಾರಾಯಣ ಮಾಡುವ ರೂಢಿ ಮೊರಾಕೊದ ಯಹೂದಿಗಳಲ್ಲಿದೆ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ಅರಮಾಯಿಕ್ ಅಕ್ಷರಗಳ ಮೇಲೆ ಸುಮ್ನೆ ಕಣ್ಣಾಡಿಸಿದರೆ ಸಾಲ ತೀರುತ್ತದೆ, ಕಾಯಿಲೆ ವಾಸಿಯಾಗುತ್ತದೆ ಅಂತ ಹೇಳಿ ದುಡ್ಡು ಕೀಳುವವರು ಬೇರೆ. ಅಂಥ ಮಾತು ಬಂದ ದಿನವೇ ಕೋರ್ಸ್ ಬಿಡಿ. ದುಡ್ಡು ಹೋದರೂ ಬಿಡಿ.

ಪ್ರಶ್ನೆ: ಕೈಗೆ ಕೆಂಪು ದಾರ ಕಟ್ಟಿಕೊಳ್ಳುವುದು ಕಬ್ಬಾಲಾ ಪದ್ಧತಿಯೇ?

ಜೋಹರ್‌ನಲ್ಲೂ ಇಲ್ಲ, ಲೂರಿಯಾ ಬೋಧನೆಯಲ್ಲೂ ಇಲ್ಲ. ತೊಸೆಫ್ತಾ ಎಂಬ ಹಳೆಯ ಯಹೂದಿ ಧರ್ಮನಿಯಮಗಳ ಗ್ರಂಥ ಕೆಂಪು ದಾರ ಕಟ್ಟುವುದನ್ನು ಬಿಡಬೇಕಾದ ಅನ್ಯರ ಪದ್ಧತಿಗಳ ಸಾಲಿಗೆ ಸೇರಿಸಿದೆ.

ಪ್ರಶ್ನೆ: ಟ್ಯಾರೋ ಕಾರ್ಡ್ ಕಬ್ಬಾಲಾದಿಂದ ಬಂದದ್ದಾ?

ಅಲ್ಲ. ಅದು ಹದಿನೈದನೇ ಶತಮಾನದ ಇಟಲಿಯ ಇಸ್ಪೀಟಾಟ. 22 ಕಾರ್ಡುಗಳಿಗೆ 22 ಹೀಬ್ರೂ ಅಕ್ಷರ ಜೋಡಿಸಿ ಜನಪ್ರಿಯ ಮಾಡಿದ್ದು ಎಲಿಫಾಸ್ ಲೇವಿ ಎಂಬ ಫ್ರೆಂಚ್ ಲೇಖಕ, 1850ರ ದಶಕದಲ್ಲಿ.

ಪ್ರಶ್ನೆ: ಕಬ್ಬಾಲಾ ಪ್ರಕಾರ ಮಗುವಿನ ಹೆಸರಿನ ಸಂಖ್ಯೆ ನೋಡಿಕೊಡುತ್ತೀರಾ?

ಇಲ್ಲ. ನಮ್ಮ ಕಟಪಯಾದಿಯ ಹಾಗೆ ಹೀಬ್ರೂ ಅಕ್ಷರಕ್ಕೂ ಬೆಲೆ ಇದೆ. ಅದು ಶಾಸ್ತ್ರದ ಸಾಲುಗಳನ್ನು ಬಿಡಿಸುವ ಒಂದು ವಿಧಾನ. ಕನ್ನಡ ಹೆಸರಿಗೆ ಅದು ಅನ್ವಯಿಸುವುದೇ ಇಲ್ಲ.

ಪ್ರಶ್ನೆ: 40 ವರ್ಷ ಆಗದವರು ಕಬ್ಬಾಲಾ ಓದಬಾರದಂತೆ, ನಿಜವೇ?

ಆ ಎಚ್ಚರಿಕೆ ಇತ್ತು, ಆದರೆ ಎಲ್ಲರೂ ಒಪ್ಪಿದ ನಿಯಮವಲ್ಲ. ಲೂರಿಯಾ ತೀರಿಕೊಂಡಾಗ ಅವರಿಗೇ 38. ಎಚ್ಚರಿಕೆಗೆ ಕಾರಣ ಇತ್ತು. ಕಬ್ಬಾಲಾ ಓದಿದ್ದ ಸಬ್ಬತಾಯ್ ಜ್ವಿ ಎಂಬವನು, ಯಹೂದಿಗಳು ಕಾಯುತ್ತಿರುವ ರಕ್ಷಕ ಮೆಸ್ಸಾಯ ತಾನೇ ಅಂದಾಗ ಊರೂರೇ ನಂಬಿತು, 1666ರಲ್ಲಿ ಅವನು ಇಸ್ಲಾಂಗೆ ಮತಾಂತರವಾದ. ಅವನ ಹಾದಿ ಹಿಡಿದ ಯಾಕೋಬ್ ಫ್ರಾಂಕ್ ಗಲಾಟೆಯ ನಂತರ, 1756ರಲ್ಲಿ ಬ್ರೋಡಿ ಊರಿನ ರಬ್ಬಿಗಳು ಜೋಹರ್‌ಗೆ 30, ಲೂರಿಯಾ ಬರಹಗಳಿಗೆ 40 ಅಂತ ವಯಸ್ಸು ಕಟ್ಟಿದರು. ಇತಿಹಾಸವಾಗಿ ಓದಲು ಯಾವ ವಯಸ್ಸೂ ಅಡ್ಡಿಯಲ್ಲ.

ಪ್ರಶ್ನೆ: ಅಬ್ರಾಹಮ್ ಅಬುಲಾಫಿಯಾ ಹೇಳಿದ ಅಕ್ಷರ ಧ್ಯಾನವನ್ನು ವಿಡಿಯೋ ನೋಡಿ ರಾತ್ರಿ ಒಬ್ಬನೇ ಮಾಡುತ್ತಿದ್ದೇನೆ. ನಿದ್ದೆ ಹೋಗಿದೆ, ಕಿವಿಯಲ್ಲಿ ಮಾತು ಕೇಳಿಸುತ್ತದೆ. ಇದು ಪ್ರಗತಿಯೇ?

ಅಲ್ಲ. ಹದಿಮೂರನೇ ಶತಮಾನದ ಕಬ್ಬಾಲಾ ಗುರು ಅಬುಲಾಫಿಯಾ ಕಲಿಸಿದ್ದು ಹೀಬ್ರೂ ಅಕ್ಷರ ಜೋಡಣೆ, ಉಸಿರಿನ ಲಯ, ತಲೆಯ ಚಲನೆ ಎಲ್ಲ ಸೇರಿದ ತೀವ್ರವಾದ ಅಭ್ಯಾಸ ಅದು. ಅಬುಲಾಫಿಯಾ ಕಾಲದಲ್ಲೇ ಬಾರ್ಸಿಲೋನಾದ ಹಿರಿಯ ರಬ್ಬಿ ಅವರನ್ನು ಕಟುವಾಗಿ ವಿರೋಧಿಸಿದ್ದರು. ಹೀಬ್ರೂ ಗೊತ್ತಿಲ್ಲದೆ, ಕಲಿಸುವವರು ಪಕ್ಕದಲ್ಲಿಲ್ಲದೆ ಇದನ್ನು ಮಾಡಬೇಡಿ. ಇವತ್ತೇ ನಿಲ್ಲಿಸಿ. ಮನೆಯವರಿಗೆ ಹೇಳಿ, ಅವರನ್ನು ಕರೆದುಕೊಂಡು ನಾಳೆಯೇ ಮನೋವೈದ್ಯರನ್ನು ನೋಡಿ. ವಿಡಿಯೋ ವಿಷಯವನ್ನೂ ಅವರಿಗೆ ಮುಚ್ಚಿಡಬೇಡಿ.