ಕಲ್ಯಾಣಿ ಮೆಟ್ಟಿಲು ಚಪ್ಪಾಳೆಗೆ ಹಕ್ಕಿ ದನಿ ಕೊಡೋದು ಯಾಕೆ?

ಪ್ರಶ್ನೆ: ಸರ್, ಮೇಲುಕೋಟೆ ಕಲ್ಯಾಣಿಯಲ್ಲಿ ನೀರಿನ ಹತ್ತಿರ ನಿಂತು ಜೋರಾಗಿ ಚಪ್ಪಾಳೆ ತಟ್ಟಿದೆ. ಎದುರಿನ ಮೆಟ್ಟಿಲಿಂದ 'ಚೀಂವ್' ಅಂತ ಹಕ್ಕಿ ಕೂಗಿದ ಹಾಗೆ ವಾಪಸ್ ಬಂತು. ಇದು ನೀರಿನ ಕೆಲಸವೋ, ಕಲ್ಲಿನದೋ?
– ಓದುಗರು, ಪಾಂಡವಪುರ

ಉತ್ತರ: ಎರಡೂ ಅಲ್ಲ. ಮೆಟ್ಟಿಲುಗಳ ನಡುವಿನ ಸಮ ಅಂತರದ ಕೆಲಸ.

ಬರೀ ಗೋಡೆ ಆಗಿದ್ದರೆ ಚಪ್ಪಾಳೆ ಒಂದೇ ಏಟಿಗೆ ವಾಪಸ್ ಬರುತ್ತಿತ್ತು. ಇಲ್ಲಿ ಒಂದೊಂದು ಮೆಟ್ಟಿಲೂ ಒಂದೊಂದು ಪುಟ್ಟ ಗೋಡೆ. ಮೆಟ್ಟಿಲ ಅಗಲ (ಕಾಲಿಡೋ ಜಾಗ, ಮುಂದಿನಿಂದ ಹಿಂದಕ್ಕೆ) 30 ಸೆಂ.ಮೀ. ಅಂದುಕೊಳ್ಳಿ. ಹಿಂದಿನ ಮೆಟ್ಟಿಲಿಗೆ ಹೋಗಿ ಬರೋಕೆ ಶಬ್ದ 60 ಸೆಂ.ಮೀ. ಜಾಸ್ತಿ ಓಡಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 345 ಮೀಟರ್, ಹಾಗಾಗಿ ಪ್ರತಿಧ್ವನಿಗಳು ಸೆಕೆಂಡಿಗೆ 575ರ ಲೆಕ್ಕದಲ್ಲಿ ಸಾಲಾಗಿ ಬಂದು ಕಿವಿಗೆ ಬಡಿಯುತ್ತವೆ, ಅಷ್ಟು ಬೇಗ ಬಂದರೆ ಕಿವಿ ಅವನ್ನು ಬಿಡಿಬಿಡಿಯಾಗಿ ಕೇಳೋದಿಲ್ಲ, ಒಂದು ಸ್ವರ ಅಂತಲೇ ಕೇಳುತ್ತದೆ. ಇನ್ನು ಮೇಲಿನ ಮೆಟ್ಟಿಲುಗಳಿಗೆ ಶಬ್ದ ಓರೆಯಾಗಿ ಏರಬೇಕಲ್ವಾ, ಅಲ್ಲಿ ಅಗಲದ ಜೊತೆ ಎತ್ತರವೂ ದಾರಿಗೆ ಸೇರುತ್ತದೆ. ಅಂತರ ಹಿಗ್ಗುತ್ತದೆ, ಸ್ವರ ಇಳಿಯುತ್ತದೆ. ನಿಮಗೆ ಹಕ್ಕಿ ಕೂಗಿದ ಹಾಗೆ ಅನಿಸಿದ್ದು ಈ ಜಾರುವಿಕೆಯಿಂದ.

ಇದನ್ನು 1693ರಲ್ಲೇ ಡಚ್ ವಿಜ್ಞಾನಿ ಹಾಯ್ಗನ್ಸ್ ಬರೆದಿಟ್ಟಿದ್ದಾನೆ. ಫ್ರಾನ್ಸಿನ ಶಾಂತಿಯಿ ಅರಮನೆ ತೋಟದಲ್ಲಿ ಕಾರಂಜಿಯ ಸದ್ದು ಕಲ್ಲಿನ ಮೆಟ್ಟಿಲಿಗೆ ಬಡಿದು ಸ್ವರದ ಹಾಗೆ ಕೇಳುತ್ತಿತ್ತು. ಆಸಾಮಿ ಸುಮ್ನೆ ಬಿಡಲಿಲ್ಲ, ಮೆಟ್ಟಿಲ ಅಗಲದಷ್ಟೇ ಉದ್ದದ ಕಾಗದದ ಕೊಳವೆ ಸುತ್ತಿ ನೋಡಿದ, ಅದರಲ್ಲೂ ಅದೇ ಸ್ವರ! ಚಳಿಗಾಲದಲ್ಲಿ ಹಿಮ ಮೆಟ್ಟಿಲುಗಳನ್ನು ಮುಚ್ಚಿದಾಗ ಸ್ವರ ಮಾಯ. ನನ್ನ ಕೇಳಿದರೆ ಇದಕ್ಕಿಂತ ಒಳ್ಳೆ ಪುರಾವೆ ಬೇಡ.

ಬೆಳಕಿಗೂ ಇದೇ ನಿಯಮ, ಅಂತರ ಮಾತ್ರ ತೀರಾ ಸಣ್ಣದು. ಮೈಸೂರಿನ ಕಾರಂಜಿ ಕೆರೆಯ ನವಿಲುಗಳನ್ನು ನೋಡಿರುತ್ತೀರಿ. ಆ ಗರಿಯಲ್ಲಿ ಹಸಿರು, ನೀಲಿ ಬಣ್ಣದ ಪುಡಿ ಏನೂ ಇಲ್ಲ, ಇರೋದು ಕಂದು ಮೆಲನಿನ್ (ನಮ್ಮ ಕೂದಲಿಗೆ ಬಣ್ಣ ಕೊಡೋ ವಸ್ತು) ಕಡ್ಡಿಗಳು, ಸುಮಾರು 150 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೋಮೀಟರ್) ಅಂತರದಲ್ಲಿ ಸಾಲು ಸಾಲಾಗಿ. ಅಂತರ ಕೊಂಚ ಬದಲಾದರೆ ಬಣ್ಣವೂ ಬೇರೆ.

ಮತ್ತೆ ಹೋದಾಗ ಟೇಪ್ ಒಯ್ಯಿರಿ. 345ನ್ನು ಮೆಟ್ಟಿಲಗಲದ (ಮೀಟರಿನಲ್ಲಿ) ಎರಡರಷ್ಟರಿಂದ ಭಾಗಿಸಿ, ಮೊಬೈಲಿನ ಟ್ಯೂನರ್ ಆ್ಯಪು (ಸ್ವರ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಅಂತ ಹೇಳೋದು) ತೋರಿಸೋ ಸಂಖ್ಯೆಗೆ ಹೋಲಿಸಿ. ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಬೇಡ, ಅಲ್ಲಿ ತಿರುವು, ಮರ, ಜನ ಎಲ್ಲ ಜಾಸ್ತಿ.